ಹೆಸರು ಓದುವವರು

2024ರ ಆಗಸ್ಟ್ ತಿಂಗಳ ಒಂದು ಭಾನುವಾರ ಸಂಜೆ ನಮ್ಮ ಸಂಘದ ಸಭಾಗೃಹದಲ್ಲಿ ಚಿಕ್ಕದೊಂದು ಕಾರ್ಯಕ್ರಮ ನಡೆದದ್ದು ಸದಸ್ಯರಲ್ಲಿ ಕೆಲವರಿಗಾದರೂ ನೆನಪಿರಬಹುದು. ಆ ವರ್ಷ ಫೆಬ್ರವರಿ 20ರಂದು ಇದೇ ಮುಂಬಯಿಯಲ್ಲಿ ಅಮೀನ್ ಸಯಾನಿ ತೀರಿಕೊಂಡಿದ್ದರು. ಜುಲೈ 11ರಂದು ಬೆಂಗಳೂರಿನಲ್ಲಿ ಅಪರ್ಣಾ ತೀರಿಕೊಂಡರು. ಇಬ್ಬರ ನೆನಪಿಗೂ ಸೇರಿಸಿ ಒಂದು ಗಂಟೆಯ ಸಭೆ. ನಿರೂಪಣೆಗೆ ಒಪ್ಪಿಕೊಂಡಿದ್ದವರು ಲೋಕಲ್ ಗಾಡಿ ತಡವಾಗಿ ಎಲ್ಲೋ ಸಿಕ್ಕಿಕೊಂಡಿದ್ದರು. ಮೂರನೆಯ ಸಾಲಿನಲ್ಲಿ ನೆಮ್ಮದಿಯಾಗಿ ಕುಳಿತಿದ್ದ ನಮ್ಮನ್ನು ಕಾರ್ಯದರ್ಶಿಗಳು ಕೈಹಿಡಿದು ಎಬ್ಬಿಸಿ ಮೈಕಿನ ಮುಂದೆ ನಿಲ್ಲಿಸಿಬಿಟ್ಟರು. ಕೇಂದ್ರ ಸರಕಾರದ ಗುಮಾಸ್ತನಿಗೆ ಮೇಲಿನವರು ಹೇಳಿದ ಕಡೆ ನಿಲ್ಲುವುದು ಅಭ್ಯಾಸ. ನಿಂತೆವು, ಬಾಯಿಗೆ ಬಂದದ್ದನ್ನು ಆಡಿದೆವು. ಹೇಗೋ ಸಭೆ ಮುಗಿಯಿತು.

ಉಪಾಹಾರದ ಹೊತ್ತಿಗೆ ಹಿರಿಯರೊಬ್ಬರು ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಹತ್ತಿರ ಬಂದರು. "ನಿಮ್ಮದು ಯಾವ ಕಡೆ? ಮಾತು ಧಾರವಾಡದ ಹಾಗೂ ಇಲ್ಲ, ಮಂಗಳೂರಿನ ಹಾಗೂ ಇಲ್ಲ, ಮೈಸೂರಿನದು ಅಂತಲೂ ಅನ್ನಿಸೋದಿಲ್ಲವಲ್ಲ!" ಎಂದರು. ತರೀಕೆರೆಯ ಹತ್ತಿರ ಒಂದು ಹಳ್ಳಿ ಎಂದೆವು. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ನಮಗೂ ಆಗಲಿಲ್ಲ. ಡೊಂಬಿವಲಿಯ ಗಾಡಿಯಲ್ಲಿ ಒಂಟಿಕಾಲಿನ ಮೇಲೆ ನಿಂತು ಮನೆಗೆ ಹೋಗುವಾಗ ಸರಿಯಾದ ಉತ್ತರ ಹೊಳೆಯಿತು. ನಾವು ಮೈಕಿನ ಮುಂದೆ ಆಡಿದ್ದು ತರೀಕೆರೆಯ ಕನ್ನಡವಲ್ಲ, ಭದ್ರಾವತಿ ಆಕಾಶವಾಣಿಯ ಕನ್ನಡ.

ಇಲ್ಲಿ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಈ ಬರಹದಲ್ಲಿ 'ನಾವು, ನಾವು' ಎಂದು ಬರೆಯುತ್ತಿರುವುದು ದೊಡ್ಡಸ್ತಿಕೆಯಿಂದಲ್ಲ. ನಾವು ಕೇಳಿ ಬೆಳೆದ ಉದ್ಘೋಷಕರು ಯಾರೂ 'ನಾನು' ಎಂದವರಲ್ಲ. ಹಾಡು ನಿಂತುಹೋದರೂ 'ವಿಷಾದಿಸುತ್ತೇವೆ' ಎನ್ನುತ್ತಿದ್ದರು. ಬೇಸರಿಸಿಕೊಂಡವರು ಒಬ್ಬರೇ ಇದ್ದಿರಬಹುದು, ಆದರೂ ಇಡೀ ನಿಲಯವೇ ತಲೆಬಾಗಿದಂತೆ ಕೇಳುತ್ತಿತ್ತು. ಆ ಚಾಳಿ ನಮಗೂ ಅಂಟಿತು. ಮುಂದೆ ಸೇರಿದ ಕಚೇರಿಯಲ್ಲೂ 'ನಾನು' ಎಂಬುದಕ್ಕೆ ಜಾಗವಿರಲಿಲ್ಲವಾಗಿ ಅದು ಹಾಗೇ ಉಳಿದುಕೊಂಡಿತು.

ನಮ್ಮ ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು. ಮನೆಯ ನಡುಮನೆಯಲ್ಲಿ, ಗೋಡೆಯ ಗೂಡಿನೊಳಗೆ, ಫಿಲಿಪ್ಸ್ ರೇಡಿಯೋ ಇರುತ್ತಿತ್ತು. ಅದಕ್ಕೆ ಅಮ್ಮ ಹಳೆಯ ಸೀರೆಯ ಅಂಚಿನಲ್ಲಿ ಹೊಲಿದ ಒಂದು ಅಂಗಿ. ಆಗ ಊರಿನ ಕರೆಂಟು ಬಂದರೆ ಬಂತು, ಇಲ್ಲವಾದರೆ ಇಲ್ಲ. ಆದ್ದರಿಂದ ನಾಲ್ಕು ಸೆಲ್ಲುಗಳ ಮೇಲೆಯೇ ಭಾರ. ಸೆಲ್ಲು ಸೋತು ಧ್ವನಿ ಕುಗ್ಗಿದಾಗ ಅವನ್ನು ಹೊರತೆಗೆದು ಅಂಗಳದ ಬಿಸಿಲಿಗಿಟ್ಟು, ಸಂಜೆ ಮತ್ತೆ ತುಂಬುವ ಕೆಲಸ ನಮ್ಮದು. ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸು ಬೇಕಾಗಿದ್ದ ಕಾಲ 1985ಕ್ಕೆ ಮುಗಿದಿತ್ತಾದರೂ ಅಪ್ಪ ಪೋಸ್ಟಾಫೀಸಿನ ಮುದ್ರೆಯೊತ್ತಿದ ಆ ಪುಸ್ತಕವನ್ನು ಮನೆಯ ಪತ್ರಗಳ ಜೊತೆಗೆ ಟ್ರಂಕಿನಲ್ಲಿ ಜೋಪಾನ ಮಾಡಿದ್ದರು. "ಸರಕಾರ ಯಾವಾಗ ಮನಸ್ಸು ಬದಲಾಯಿಸುತ್ತೋ" ಎನ್ನುವುದು ಅವರ ವಾದ. ಸರಕಾರದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದ ಮೇಲೆ ಆ ವಾದ ತಪ್ಪೆಂದು ಹೇಳುವ ಧೈರ್ಯ ನಮಗಿಲ್ಲ.

ಬೆಳಗಾಗುತ್ತಿದ್ದದ್ದು ಆಕಾಶವಾಣಿಯ ಸಂಕೇತ ಸಂಗೀತದಿಂದ. ತಂಬೂರಿಯ ಮೇಲೆ ಪಿಟೀಲು ಏರುವ ಆ ಧಾಟಿಯನ್ನು ಕೇಳಿದರೆ ಈಗಲೂ ನಮಗೆ ಬಚ್ಚಲ ಒಲೆಯ ಹೊಗೆಯ ವಾಸನೆ ಬರುತ್ತದೆ. ಅದನ್ನು ಕಟ್ಟಿದವರು ವಾಲ್ಟರ್ ಕೌಫ್‌ಮನ್ ಎಂಬ ಯಹೂದಿ ಸಂಗೀತಗಾರರು, ಹಿಟ್ಲರನ ಕಾಲದಲ್ಲಿ ಯುರೋಪು ಬಿಟ್ಟು 1934ರಲ್ಲಿ ಬೊಂಬಾಯಿಗೆ ಬಂದವರು, ಇಲ್ಲಿಯ ರೇಡಿಯೋ ನಿಲಯದಲ್ಲಿ ಕೆಲಸ ಮಾಡಿದವರು ಎಂದು ತಿಳಿದದ್ದು ನಾವೂ ಹೊಟ್ಟೆಪಾಡಿಗೆ ಇದೇ ಊರು ಸೇರಿದ ಮೇಲೆ. ನಮ್ಮ ಹಳ್ಳಿಯನ್ನು ಎಬ್ಬಿಸುತ್ತಿದ್ದ ನಾದ ಹುಟ್ಟಿದ್ದು ಊರು ಬಿಟ್ಟು ಬಂದವನೊಬ್ಬನ ಕೈಯಲ್ಲಿ! ಹಾಗೆಯೇ 'ಆಕಾಶವಾಣಿ' ಎಂಬ ಹೆಸರನ್ನು ಮೊದಲು ರೇಡಿಯೋಗೆ ಇಟ್ಟದ್ದು ದಿಲ್ಲಿಯವರಲ್ಲ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆರಂಭಿಸಿದ ನಿಲಯದ ಹೆಸರು ಅದು. ಕಚೇರಿಯ ಮರಾಠಿ ಮಿತ್ರರ ಮುಂದೆ ಈ ಸಂಗತಿಯನ್ನು ವರ್ಷಕ್ಕೆ ಎರಡು ಸಲವಾದರೂ ಹೇಳಿ ಬೀಗುತ್ತೇವೆ. ಅವರೂ ಪ್ರತಿ ಸಲ ಹೊಸದಾಗಿ ಕೇಳಿದಂತೆ ತಲೆಯಾಡಿಸುತ್ತಾರೆ.

6.55ಕ್ಕೆ ದಿಲ್ಲಿಯಿಂದ ಸಂಸ್ಕೃತ ವಾರ್ತೆ. ಬಲದೇವಾನಂದ ಸಾಗರ ಎಂಬ ಹೆಸರು ಕಿವಿಗೆ ಬಿದ್ದರೆ ಹಾಸಿಗೆ ಬಿಟ್ಟೇಳಬೇಕು. 7.35ಕ್ಕೆ ದಿಲ್ಲಿಯ ಕನ್ನಡ ವಾರ್ತೆ. ಅದು ಮುಗಿಯುವುದರೊಳಗೆ ಸ್ನಾನವಾಗಿ ಅವಲಕ್ಕಿಯ ತಟ್ಟೆಯ ಮುಂದೆ ಕುಳಿತಿರಬೇಕು. ನಮ್ಮ ಮನೆಯ ಗೋಡೆ ಗಡಿಯಾರ ಸದಾ ಹತ್ತು ನಿಮಿಷ ಹಿಂದೆ. ಅದನ್ನು ಯಾರೂ ರಿಪೇರಿಗೆ ಕೊಡಲಿಲ್ಲ, ಅಗತ್ಯವೇ ಬೀಳಲಿಲ್ಲ.

ಧಾರವಾಡ 1950ರಲ್ಲಿ, ಬೆಂಗಳೂರು 1955ರಲ್ಲಿ ಆಕಾಶವಾಣಿ ನಿಲಯ ಪಡೆದವು. ನಮ್ಮ ಭದ್ರಾವತಿಗೆ ಬಂದದ್ದು 1965ರಲ್ಲಿ. ಕಬ್ಬಿಣದ ಕಾರ್ಖಾನೆಯ ಊರಿನಿಂದ ಇಂಥ ಮೆದುವಾದ ಧ್ವನಿ ಹೇಗೆ ಬರುತ್ತದೆ ಎಂದು ನಮಗೆ ಚಿಕ್ಕಂದಿನಲ್ಲಿ ಆಶ್ಚರ್ಯ. ಪ್ರಸಾರ ಆರಂಭವಾಗುವಾಗ ಉದ್ಘೋಷಕಿ 444.4 ಮೀಟರ್, ಅಂದರೆ 675 ಕಿಲೋಹರ್ಟ್ಸ್ ಎಂದು ಹೇಳುತ್ತಿದ್ದರು. ಅದು ನಮಗೆ ಮಗ್ಗಿಯಂತೆ ಬಾಯಿಪಾಠವಾಗಿತ್ತು. ಮುಂದೆ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ತರಂಗದ ಉದ್ದವನ್ನು ಆವರ್ತನದಿಂದ ಗುಣಿಸಿದರೆ ಬೆಳಕಿನ ವೇಗ ಬರುತ್ತದೆ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದರು. ನಾವು ಪುಸ್ತಕದ ಹಿಂದಿನ ರಟ್ಟಿನ ಮೇಲೆ ನಮ್ಮ ಎರಡು ಅಂಕಿಗಳನ್ನು ಗುಣಿಸಿದೆವು. ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್, ಸರಿಯಾಗಿ ಬಂತು. ಉದ್ಘೋಷಕಿ ಇಷ್ಟು ವರ್ಷವೂ ದಿನಾ ಬೆಳಿಗ್ಗೆ ನಮಗೆ ಬೆಳಕಿನ ವೇಗವನ್ನು ಹೇಳಿಕೊಡುತ್ತಿದ್ದರು, ನಮಗೆ ಗೊತ್ತಾಗಿರಲಿಲ್ಲ ಅಷ್ಟೆ.

ಆ ಉದ್ಘೋಷಕಿಯ ಹೆಸರು ಏನೆಂದು ಓದುಗರು ಕೇಳಬಹುದು. ಅವರು ಎಂದೂ ಹೇಳಿಕೊಳ್ಳಲಿಲ್ಲ. ವಾರ್ತೆ ಓದುವವರು ಹೆಸರು ಹೇಳುತ್ತಿದ್ದರು. ಹಾಡು ಹಾಕುವವರಿಗೆ ನಮ್ಮ ಕಡೆ ಆ ರೂಢಿ ಇರಲಿಲ್ಲ. ಮುಖ ಹೇಗಿದೆಯೋ, ವಯಸ್ಸೆಷ್ಟೋ, ಮದುವೆಯಾಗಿದೆಯೋ ಇಲ್ಲವೋ, ಯಾವುದೂ ತಿಳಿಯದು. ನಮ್ಮ ಮನೆಯಲ್ಲಿ ಅವರಿಗೆ 'ರೇಡಿಯೋ ಅಕ್ಕ' ಎಂದೇ ಹೆಸರು. ಮಾತಿನಲ್ಲಿ ಅವಸರವಿಲ್ಲ. 'ಶ' ಬೇರೆ, 'ಷ' ಬೇರೆ. ಅಲ್ಪಪ್ರಾಣ ಮಹಾಪ್ರಾಣ ಎಲ್ಲಿರಬೇಕೋ ಅಲ್ಲಿ. ಹಾಗೆಂದು ಪುಸ್ತಕ ಓದಿದಂತೆಯೂ ಇಲ್ಲ. ಅಂಗಳದಾಚೆ ನಿಂತು "ಇದ್ದೀರಾ?" ಎಂದು ಕೇಳಿದಂತೆ ಇರುತ್ತಿತ್ತು.

ವಾರಕ್ಕೊಮ್ಮೆ ಕೇಳುಗರ ಕೋರಿಕೆಯ ಚಿತ್ರಗೀತೆಗಳು. ಹಾಡಿಗಿಂತ ಹೆಸರುಗಳೇ ಹೆಚ್ಚು. ಹೊಸದುರ್ಗ, ಚನ್ನಗಿರಿ, ಹೊನ್ನಾಳಿ, ಕಡೂರು, ಸೊರಬ, ಶಿಕಾರಿಪುರ, ಅವುಗಳ ಹಿಂದಿನ ನೂರಾರು ಹಳ್ಳಿಗಳು. ನಾವು ನಕ್ಷೆಯಲ್ಲಿ ಕಾಣದ ಊರುಗಳನ್ನೆಲ್ಲ ಕಲಿತದ್ದು ಆ ಅರ್ಧ ಗಂಟೆಯಲ್ಲಿ. ಯಾವ ಹಳ್ಳಿಯ ಯಾರದೇ ಹೆಸರಾಗಲಿ, ಒಂದನ್ನೂ ನುಂಗದೆ ಓದುತ್ತಿದ್ದರು. ಕಾರ್ಡು ಬರೆದವರ ಅಕ್ಷರ ಕೆಟ್ಟದಿದ್ದು ಹೆಸರು ಅನುಮಾನವಾದರೆ ಒಂದು ಗಳಿಗೆ ತಡೆದು, ಎಚ್ಚರದಿಂದ ಓದುತ್ತಿದ್ದರು. ಕಡೆಯಲ್ಲಿ ಪ್ರತಿ ವಾರವೂ ಒಂದು ಮಾತು: ಸಮಯದ ಅಭಾವದಿಂದ ಎಲ್ಲರ ಹೆಸರುಗಳನ್ನೂ ಓದಲಾಗಲಿಲ್ಲ, ದಯವಿಟ್ಟು ಬೇಸರಿಸಿಕೊಳ್ಳಬೇಡಿ. ಆ ಒಂದು ವಾಕ್ಯದ ಋಣ ನಮ್ಮ ಮೇಲಿದೆ. ಅದೇ ಈ ಬರಹಕ್ಕೆ ಕಾರಣ.

ರಾತ್ರಿಯಾದರೆ ಬೇರೆ ಲೋಕ. ಹಗಲು ಮಧ್ಯಮ ತರಂಗಗಳನ್ನು ಹೀರಿಕೊಂಡುಬಿಡುವ ಆಕಾಶದ ಪದರವೊಂದು ಸೂರ್ಯ ಮುಳುಗಿದ ಮೇಲೆ ಕರಗಿಹೋಗುತ್ತದೆ, ಅದಕ್ಕೂ ಮೇಲಿನ ಪದರ ದೂರದ ಧ್ವನಿಗಳನ್ನು ತಟ್ಟಿ ಕೆಳಗೆ ಕಳಿಸುತ್ತದೆ ಎಂಬುದು ಬಿ.ಎಸ್ಸಿ. ಓದಿ ತಿಳಿದದ್ದು. ಆಗ ತಿಳಿದಿದ್ದು ಇಷ್ಟೇ: ಕತ್ತಲಾದರೆ ತಮಿಳು, ತೆಲುಗು, ಹಿಂದಿ ಎಲ್ಲವೂ ನಮ್ಮ ನಡುಮನೆಗೆ ಬರುತ್ತವೆ. ಅಮೀನ್ ಸಯಾನಿಯವರ ಧ್ವನಿ ಬಂದದ್ದೂ ಹಾಗೆಯೇ. ಅವರ 'ಗೀತ್‌ಮಾಲಾ' 1952ರ ಕೊನೆಯಲ್ಲಿ ರೇಡಿಯೋ ಸಿಲೋನಿನಲ್ಲಿ ಆರಂಭವಾದದ್ದು. ಆಕಾಶವಾಣಿ ಚಿತ್ರಗೀತೆಗಳನ್ನು ದೂರವಿಟ್ಟ ಕಾಲದಲ್ಲಿ ದೇಶಕ್ಕೆ ದೇಶವೇ ಕೊಲಂಬೊ ಕಡೆಗೆ ಮುಳ್ಳು ತಿರುಗಿಸಿತು. 1957ರಲ್ಲಿ ವಿವಿಧ ಭಾರತಿ ಹುಟ್ಟಿಕೊಂಡದ್ದೂ ಅದೇ ಕಾರಣಕ್ಕೆ. 1989ರಲ್ಲಿ ಗೀತ್‌ಮಾಲಾ ವಿವಿಧ ಭಾರತಿಗೇ ಬಂತು. ನಾವು ಕೇಳಿದ್ದು ಆ ಕೊನೆಯ ವರ್ಷಗಳನ್ನು. ನಮ್ಮ ಅಪ್ಪನಿಗೆ ಹಿಂದಿ ಅಷ್ಟಕ್ಕಷ್ಟೆ, ಅಮ್ಮನಿಗೆ ಒಂದಕ್ಷರವೂ ಬಾರದು. ಆದರೂ ಅವರು 'ಬೆಹನೋ' ಎಂದು ಮೊದಲು ಅಕ್ಕತಂಗಿಯರನ್ನು ಕರೆದು, ಆಮೇಲೆ ಅಣ್ಣತಮ್ಮಂದಿರನ್ನು ಕರೆಯುತ್ತಾರೆ ಎಂಬುದನ್ನು ಅಮ್ಮ ಹೇಗೋ ಕಂಡುಹಿಡಿದಿದ್ದಳು. "ಈ ಮನುಷ್ಯನಿಗೆ ಮನೆಯಲ್ಲಿ ಒಳ್ಳೆಯ ತಾಯಿ ಇದ್ದಿರಬೇಕು" ಎಂದಿದ್ದಳು ಒಮ್ಮೆ.

ಅಮ್ಮನ ಊಹೆ ನಿಜವಾಗಿತ್ತು. ಸಯಾನಿಯವರ ತಾಯಿ ಕುಲ್ಸುಂ ಸಯಾನಿ ಗಾಂಧೀಜಿಯವರ ಮಾತಿನಂತೆ ಹೊಸದಾಗಿ ಅಕ್ಷರ ಕಲಿತವರಿಗಾಗಿ 'ರಹಬರ್' ಎಂಬ ಪತ್ರಿಕೆ ನಡೆಸಿದರು. ಒಂದೇ ಸರಳವಾದ ಹಿಂದೂಸ್ತಾನಿ ಮಾತು, ಆದರೆ ದೇವನಾಗರಿ, ಉರ್ದು, ಗುಜರಾತಿ ಎಂದು ಮೂರು ಲಿಪಿಗಳಲ್ಲಿ. ಹುಡುಗನಾಗಿದ್ದ ಅಮೀನ್ ಅದರ ಕೆಲಸಕ್ಕೆ ಕೈಹಚ್ಚುತ್ತಿದ್ದರಂತೆ. ಕಷ್ಟದ ಪದವಿಲ್ಲದೆ ಎಲ್ಲರನ್ನೂ ಮುಟ್ಟುವ ಮಾತನ್ನು ಅವರು ಕಲಿತದ್ದು ಅಲ್ಲಿ. ಸಭೆಯಲ್ಲಿ ಇದನ್ನು ಹೇಳುವಾಗ ನಮ್ಮ ಗಂಟಲು ಸ್ವಲ್ಪ ಕಟ್ಟಿತು. ಮೈಕು ಸರಿಯಿಲ್ಲವೆಂದು ಕಾರ್ಯದರ್ಶಿಗಳು ತಂತಿ ಅಲ್ಲಾಡಿಸಿದರು. ಮೈಕು ಸರಿಯಾಗಿಯೇ ಇತ್ತು.

ಈಗ ಅಮ್ಮನ ವಿಷಯಕ್ಕೆ ಬರುತ್ತೇವೆ. ನಮ್ಮ ಅಮ್ಮನನ್ನು ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆದದ್ದನ್ನು ನಾವು ಕೇಳಿಲ್ಲ. ದೊಡ್ಡವರಿಗೆ ಅವಳು 'ಮೇಷ್ಟ್ರ ಮನೆಯವರು'. ನೆರೆಯವರಿಗೆ ಹಿರಿಯ ಮಗನಾದ ನಮ್ಮ ಹೆಸರು ಸೇರಿಸಿ ಇಂಥವನ ಅಮ್ಮ. ಅಪ್ಪ ಕರೆಯುತ್ತಿದ್ದದ್ದು 'ಏಯ್, ಕೇಳಿಸ್ತೇನು' ಎಂದು. ರೇಷನ್ ಕಾರ್ಡಿನಲ್ಲಿ ಹೆಸರಿತ್ತು, ಅದನ್ನು ಓದುವವರು ಯಾರು? ತವರಿನಲ್ಲಿ ಕರೆಯುತ್ತಿದ್ದ ಅಜ್ಜಿ ನಾವು ಎರಡನೆಯ ಕ್ಲಾಸಿನಲ್ಲಿರುವಾಗಲೇ ಹೋಗಿಬಿಟ್ಟಿದ್ದಳು.

1993ರ ಮಳೆಗಾಲ. ನಾವು ಎಂಟನೆಯ ತರಗತಿ. ಒಂದು ಮಧ್ಯಾಹ್ನ ಅಮ್ಮ ಅಡಿಗೆ ಮನೆಯ ಡಬ್ಬದಿಂದ ಚಿಲ್ಲರೆ ತೆಗೆದು 15 ಪೈಸೆಯ ಕಾರ್ಡು ತರಿಸಿದಳು. ನಾಲ್ಕನೆಯ ಇಯತ್ತೆಯವರೆಗೆ ಓದಿದ್ದಳು, ಆದರೆ ಆಕಾಶವಾಣಿಗೆ ಬರೆಯುವಷ್ಟು ಅಕ್ಷರ ದುಂಡಗಿಲ್ಲವೆಂದು ನಮ್ಮ ಕೈಲಿ ಬರೆಸಿದಳು. 'ಗೆಜ್ಜೆ ಪೂಜೆ' ಚಿತ್ರದಲ್ಲಿ ಎಸ್. ಜಾನಕಿಯವರು ಹಾಡಿದ ಒಂದು ಹಾಡು ಬೇಕು. ಕೋರಿದವರು ಎಂಬಲ್ಲಿ ಅವಳ ಹೆಸರು. "ಮತ್ತು ಮನೆಯವರು" ಎಂದು ಸೇರಿಸಬೇಕೇ ಎಂದು ಕೇಳಿದೆವು. ಒಂದು ಗಳಿಗೆ ಯೋಚಿಸಿ, "ಬೇಡ, ನನ್ನದೊಂದೇ ಇರಲಿ" ಎಂದಳು.

ಮರುದಿನ ಶಾಲೆಗೆ ಹೋಗುವ ದಾರಿಯಲ್ಲಿ ಅದನ್ನು ಅಂಚೆ ಡಬ್ಬಕ್ಕೆ ಹಾಕಬೇಕು. ನಾವು ಹಾಕಲಿಲ್ಲ. ಕಾರಣ ಹೇಳಿದರೆ ಈಗಿನ ಮಕ್ಕಳು ನಕ್ಕಾರು. ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಮಾತ್ರ ಅರ್ಥವಾದೀತು. ಸಹಪಾಠಿಯೊಬ್ಬನ ತಾಯಿಯ ಹೆಸರು ಆ ಹಿಂದಿನ ತಿಂಗಳು ರೇಡಿಯೋದಲ್ಲಿ ಬಂದಿತ್ತು. ಹುಡುಗರು ಅವನನ್ನು ತಾಯಿಯ ಹೆಸರಿನಿಂದಲೇ ಕೂಗಿ, ಬಸ್ ಸ್ಟಾಂಡಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದು, ಅವನು ಅಳುವವರೆಗೂ ಬಿಟ್ಟಿರಲಿಲ್ಲ. ಕೂಗಿದವರಲ್ಲಿ ನಾವೂ ಒಬ್ಬರು. ನಾಳೆ ನಮ್ಮ ಸರದಿ ಬರುತ್ತದೆಂದು ಹೆದರಿದೆವು. ಕಾರ್ಡನ್ನು ಅಟ್ಲಾಸಿಗೆ ಹಾಕಿದ್ದ ಕಂದು ಕಾಗದದ ಹೊದಿಕೆಯೊಳಗೆ ತುರುಕಿದೆವು. ಆಮೇಲೆ ಯಾವತ್ತಾದರೂ ಹಾಕಿದರಾಯಿತು ಎಂದುಕೊಂಡೆವು. ಆ 'ಯಾವತ್ತಾದರೂ' ಬರಲಿಲ್ಲ.

ಅಮ್ಮ ಕಾದಳು. ಕೋರಿಕೆಯ ಹೊತ್ತಿಗೆ ಒಲೆಯ ಮೇಲಿನದನ್ನು ಇಳಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ನಡುಮನೆಯ ಕಂಬಕ್ಕೆ ಒರಗಿ ನಿಲ್ಲುವಳು. ಕೂರುತ್ತಿರಲಿಲ್ಲ. ಒಂದು ವಾರ, ಎರಡು ವಾರ. ರೇಡಿಯೋ ಅಕ್ಕ ಊರು ಊರಿನ ಹೆಸರು ಓದುವರು. ನಾವು ಲೆಕ್ಕದ ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡು ಕೂರುವೆವು. ಕಡೆಗೆ ಆ ವಾಕ್ಯ ಬರುವುದು: ಸಮಯದ ಅಭಾವದಿಂದ. ಅಮ್ಮ ಪ್ರತಿ ಸಲವೂ ರೇಡಿಯೋ ಕಡೆ ತಿರುಗಿ, ಎದುರಿಗೆ ನಿಂತವರಿಗೆ ಹೇಳುವಂತೆ, "ಪಾಪ, ಎಷ್ಟು ಜನರದ್ದು ಅಂತ ಓದ್ತೀಯ ತಾಯಿ. ಆಗಲಿ ಬಿಡು" ಎನ್ನುವಳು. ಐದನೆಯ ವಾರವೋ ಆರನೆಯದೋ, ಕಂಬದ ಹತ್ತಿರ ಬರಲಿಲ್ಲ. ಅಡಿಗೆ ಮನೆಯಿಂದಲೇ ಕೇಳಿದಳು. ಮತ್ತೆಂದೂ ಕಾರ್ಡು ಬರೆಸಲಿಲ್ಲ.

ನಮ್ಮ ತಪ್ಪಿಗೆ ಕ್ಷಮೆ ಕೇಳಿದವರು ಯಾರು ನೋಡಿ. ಹೆಸರು ಗೊತ್ತಿಲ್ಲದ ಆ ಹೆಣ್ಣುಮಗಳು. ಅವರ ಕೈಗೆ ಕಾರ್ಡೇ ತಲುಪಿರಲಿಲ್ಲ. ತಲುಪದವರಿಗೂ ಸೇರಿಸಿ ಅವರು ವಾರವಾರವೂ ತಲೆಬಾಗಿದ್ದರು. ಆ ಮಾತು ಇರದಿದ್ದರೆ ಅಮ್ಮ ತನ್ನನ್ನು ಬೇಕೆಂದೇ ಬಿಟ್ಟರೆಂದು ತಿಳಿಯುತ್ತಿದ್ದಳೋ ಏನೋ. ನಮ್ಮ ಕಳ್ಳತನದ ಮೇಲೆ ಅವರ ಮರ್ಯಾದೆಯ ಹೊದಿಕೆ ಬಿತ್ತು. ನಾವು ಬಚಾವಾದೆವು.

ಬಿ.ಎಸ್ಸಿ. ಆಯಿತು. ಸ್ಟಾಫ್ ಸೆಲೆಕ್ಷನ್ ಪರೀಕ್ಷೆ ಬರೆದು ಮುಂಬಯಿಗೆ ಬಂದೆವು. ನಮಗೆ ಸಿಕ್ಕದ್ದು ಡೈರಿ ಮತ್ತು ಡಿಸ್ಪ್ಯಾಚ್ ಸೆಕ್ಷನ್. ಕಚೇರಿಗೆ ಬಂದ ಕಾಗದಕ್ಕೆಲ್ಲ ನಂಬರು ಹಾಕಿ, ರಿಜಿಸ್ಟರಿನಲ್ಲಿ ಏರಿಸಿ, ಸಂಬಂಧಪಟ್ಟ ಟೇಬಲ್ಲಿಗೆ ಕಳಿಸುವ ಕೆಲಸ. ಯಾರೂ ಆಸೆಪಟ್ಟು ಕೇಳುವ ಸೀಟಲ್ಲ. ಒಮ್ಮೆ ಜಾರ್ಖಂಡಿನ ಝುಮ್ರಿ ತಿಲೈಯಾದಿಂದ ಒಂದು ಅರ್ಜಿ ಬಂತು. ರೇಡಿಯೋ ಕೇಳಿದವರಿಗೆ ಆ ಹೆಸರು ಗೊತ್ತು. ಅಭ್ರಕದ ಗಣಿಗಳ ಆ ಪುಟ್ಟ ಊರಿನಿಂದ ವಿವಿಧ ಭಾರತಿಗೂ ಸಿಲೋನಿಗೂ ಹೋಗುತ್ತಿದ್ದ ಕೋರಿಕೆಗಳಿಗೆ ಲೆಕ್ಕವಿಲ್ಲ. ಅಂಥ ಊರೇ ಇಲ್ಲ, ರೇಡಿಯೋದವರು ಕಟ್ಟಿದ್ದು ಎಂದು ಎಷ್ಟೋ ಜನ ತಿಳಿದಿದ್ದರು, ನಾವೂ ತಿಳಿದಿದ್ದೆವು. ಆ ಕವರಿನ ಮೇಲಿನ ಅಂಚೆ ಮುದ್ರೆಯನ್ನು ನೋಡುತ್ತ ಬಹಳ ಹೊತ್ತು ಕುಳಿತೆವು. ಊರು ಇದೆ, ಬರೆದವರಿದ್ದಾರೆ, ಎಲ್ಲೋ ಕಂಬಕ್ಕೆ ಒರಗಿ ಕಾಯುತ್ತಿದ್ದಾರೆ. ಅಂದಿನಿಂದ ನಮ್ಮ ಟೇಬಲ್ಲಿನ ಮೇಲೆ ಬಂದ ಕಾಗದ ಅದೇ ದಿನ ನಂಬರು ಕಾಣದೆ ಉಳಿದಿಲ್ಲ. ಈಗ ಎಲ್ಲವೂ ಕಂಪ್ಯೂಟರಿಗೆ ಬಂದಿದೆ. ಆದರೂ 'ನಿಮ್ಮ ಅರ್ಜಿ ತಲುಪಿದೆ' ಎಂಬ ಸಾಲು ಕಳಿಸದೆ ನಾವು ಮನೆಗೆ ಹೊರಡುವುದಿಲ್ಲ. ಮೇಲಧಿಕಾರಿಗಳು ಇದನ್ನು ದಕ್ಷತೆ ಎಂದು ಭಾವಿಸಿದ್ದಾರೆ.

2018ರಲ್ಲಿ ಅಪ್ಪ ತೀರಿಕೊಂಡರು. ಹಳ್ಳಿಯ ಮನೆ ಖಾಲಿ ಮಾಡಿ ಅಮ್ಮನನ್ನು ಕರೆತರುವಾಗ ಟ್ರಂಕಿನಲ್ಲಿ ರೇಡಿಯೋ ಲೈಸೆನ್ಸಿನ ಕೆಳಗೆ ಅಟ್ಲಾಸ್ ಸಿಕ್ಕಿತು. ಹೊದಿಕೆಯೊಳಗೆ ಕೈಹಾಕಿದೆವು. ಕಾರ್ಡು ಇತ್ತು. ಶಾಯಿ ಸ್ವಲ್ಪ ಕಂದಿತ್ತು, ಅಷ್ಟೆ. ಆಗಲೂ ಹೇಳಲಿಲ್ಲ.

ಆ ಪ್ರಯಾಣದಲ್ಲಿ ಬೆಂಗಳೂರಿನಲ್ಲಿ ಎರಡು ದಿನ ತಂಗಿದ್ದೆವು. ಅಮ್ಮ ಮೊದಲ ಸಲ ಮೆಟ್ರೋ ಹತ್ತಿದಳು. ಮುಂದಿನ ನಿಲ್ದಾಣವನ್ನು ಹೇಳುವ ಧ್ವನಿ ಬಂದೊಡನೆ ತಲೆಯೆತ್ತಿ, "ಇವಳು ನಮ್ಮ ರೇಡಿಯೋ ಅಕ್ಕನ ಹಾಗೇ ಮಾತಾಡ್ತಾಳಲ್ಲೋ" ಎಂದಳು. ಅದು ಅಪರ್ಣಾ ಅವರ ಧ್ವನಿ. ಪುಟ್ಟಣ್ಣ ಕಣಗಾಲರ 'ಮಸಣದ ಹೂವು' ಚಿತ್ರದಿಂದ ಬಂದು, ಆಕಾಶವಾಣಿಯಲ್ಲೂ ದೂರದರ್ಶನದಲ್ಲೂ ನಿರೂಪಕಿಯಾಗಿ ಅಚ್ಚುಕಟ್ಟಾದ ಕನ್ನಡವನ್ನು ನಗುನಗುತ್ತ ಆಡಿದವರು. ಬೆಂಗಳೂರಿನಲ್ಲಿ 2001ರಲ್ಲಿ ಖಾಸಗಿ ಎಫ್‌ಎಂ ಆರಂಭವಾದ ಮೇಲೆ ಬಂದ ಆರ್‌ಜೆಗಳ ಮಾತು ಬೇರೆ ಓಟದ್ದು, ಅವರಿಗೆ ಅವರ ಕಾಲದ ಕೇಳುಗರಿದ್ದಾರೆ. ನಾವು ದೂರುವುದಿಲ್ಲ. ಅಮ್ಮ ಮಾತ್ರ ಇಳಿಯಬೇಕಾದ ನಿಲ್ದಾಣ ಬಂದರೂ "ಇನ್ನೊಂದು ಸಲ ಹೇಳ್ತಾಳೆ ತಾಳು" ಎಂದು ಕುಳಿತೇ ಇದ್ದಳು. ಮುಂದಿನ ನಿಲ್ದಾಣದಲ್ಲಿಳಿದು ಹಿಂದಕ್ಕೆ ಬಂದೆವು.

ಸಭೆ ನಡೆದ ಆ ಭಾನುವಾರ ರಾತ್ರಿ ಮನೆಗೆ ಬಂದಾಗ ಅಮ್ಮ ಎದ್ದೇ ಇದ್ದಳು. ಎಪ್ಪತ್ತು ದಾಟಿದೆ, ಕಿವಿ ಮಂದವಾಗಿದೆ. ನಮ್ಮ ಮಗಳು ಮೊಬೈಲಿನಲ್ಲಿ ಆಕಾಶವಾಣಿ ಹಾಕಿ ಅಜ್ಜಿಯ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಡುತ್ತಾಳೆ. ಅದೇ ಅವರಿಬ್ಬರ ಕನ್ನಡ ಪಾಠ. ನಾವು ಅಲಮಾರಿನಿಂದ ಕಾರ್ಡು ತೆಗೆದು ಅಮ್ಮನ ಕೈಲಿಟ್ಟು, ಮೂವತ್ತೊಂದು ವರ್ಷದ ಕಥೆಯನ್ನು ಗಟ್ಟಿಯಾಗಿ ಹೇಳಿದೆವು. ಗಟ್ಟಿಯಾಗಿ ಹೇಳದೆ ಉಪಾಯವಿರಲಿಲ್ಲ. ಪಕ್ಕದ ಬ್ಲಾಕಿನವರಿಗೂ ಕೇಳಿಸಿರಬೇಕು, ಪುಣ್ಯಕ್ಕೆ ಅವರು ಗುಜರಾತಿಗಳು.

ಅಮ್ಮ ಕಾರ್ಡನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದಳು. ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು. ಬೈಯುತ್ತಾಳೆಂದು ಕಾದೆವು, ಅಳುತ್ತಾಳೆಂದೂ ಕಾದೆವು. "ಆ ಅಕ್ಕನನ್ನು ಸುಮ್ಮನೆ ಬೈಕೊಂಡಿದ್ದೆ ಕಣೋ, ಒಂದು ದಿನ" ಎಂದಳು. "ಹೊರಗೆ ಅಲ್ಲ, ಮನಸ್ಸಿನಲ್ಲಿ. ಅವಳದೇನೂ ತಪ್ಪಿರಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಈಗಲೂ ಓದ್ತಾರೇನೋ?" ಎಂದು ಕೇಳಿದಳು. ಈಗ ಫೋನು ಮಾಡಿದರೂ ಆಗುತ್ತದೆ, ನಾಳೆಯೇ ಮಾಡಿಕೊಡುತ್ತೇವೆ ಎಂದೆವು.

"ಫೋನು ಬೇಡ. ಬರೆದಿದ್ದು ಇದೆಯಲ್ಲ, ಇದನ್ನೇ ಹಾಕು. ಈ ಸಲ ಮರೀಬೇಡ."

ಮರುದಿನ ಕಚೇರಿಗೆ ಹೋಗುವಾಗ ಪೋಸ್ಟಾಫೀಸಿಗೆ ಹೋದೆವು. ಕಾರ್ಡಿನ ಮೇಲಿರುವುದು 15 ಪೈಸೆ, ಈಗಿನ ದರ 50 ಪೈಸೆ. 35 ಪೈಸೆಯ ಸ್ಟಾಂಪು ಅಲ್ಲಿ ಸಿಗಲಿಲ್ಲ. ಒಂದು ರೂಪಾಯಿಯದನ್ನು ಅಂಟಿಸಿದೆವು. ಸರಕಾರಕ್ಕೆ 65 ಪೈಸೆ ಲಾಭ. ಡಬ್ಬಕ್ಕೆ ಹಾಕಿ, ಬಿದ್ದ ಸದ್ದು ಕೇಳಿಸಿಕೊಂಡು, ಆಮೇಲೆ ಹೊರಟೆವು.

ಓದಿದರೋ ಇಲ್ಲವೋ ನಮಗೆ ತಿಳಿದಿಲ್ಲ. ನಾವು ಹಗಲು ಕಚೇರಿಯಲ್ಲಿರುತ್ತೇವೆ. ಅಮ್ಮನನ್ನು ಕೇಳಿದರೆ, "ಎಷ್ಟು ಜನರದ್ದು ಇರುತ್ತೋ, ಸಮಯ ಬೇಡವಾ ಅವರಿಗೆ" ಎನ್ನುತ್ತಾಳೆ. ಆದರೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅಡಿಗೆ ಮನೆಯ ಬಾಗಿಲಿಗೆ ಒರಗಿ ನಿಂತೇ ಕೇಳುತ್ತಾಳಂತೆ, ಮಗಳು ಹೇಳಿದಳು.

ಈ ಬರಹದಲ್ಲಿ ಅಮ್ಮನ ಹೆಸರು ಹಾಕಲೇ ಎಂದು ಅವಳನ್ನು ಕೇಳಿದ್ದೆವು. ಬೇಡವೆಂದಳು. ಮೊದಲು ರೇಡಿಯೋದಲ್ಲಿ ಬರಲಿ, ಆಮೇಲೆ ನಿಮ್ಮ ಸಂಘದ ಪತ್ರಿಕೆಗೆ ಕೊಡು ಎಂದಿದ್ದಾಳೆ.